ನಮ್ಮ ಒಪ್ಪಿಗೆಯನ್ನು ಕೇಳಿದವರು ಯಾರು?

2021ರ ಜನವರಿಯ ಮೊದಲ ವಾರದಲ್ಲಿ ನಮ್ಮಲ್ಲಿ ಬಹುತೇಕರ ಮೊಬೈಲ್ ಪರದೆಯ ಮೇಲೆ ವಾಟ್ಸ್ಆ್ಯಪ್‌ನ ಒಂದು ಸೂಚನೆ ಕಾಣಿಸಿಕೊಂಡಿತ್ತು. ಕಂಪೆನಿಯು ತನ್ನ ಷರತ್ತುಗಳನ್ನೂ ಖಾಸಗಿ ಮಾಹಿತಿಯ ಕುರಿತ ನೀತಿಯನ್ನೂ ಬದಲಾಯಿಸುತ್ತಿದೆ, ಫೆಬ್ರವರಿ 8ರ ಬಳಿಕವೂ ಈ ಸೇವೆ ಬೇಕೆಂದಿದ್ದರೆ ನೀವು ಅವುಗಳನ್ನು ಒಪ್ಪಿಕೊಳ್ಳಬೇಕು ಎಂಬುದು ಅದರ ಸಾರ. ಕೆಳಗೆ ಹಸಿರು ಬಣ್ಣದ ಒಂದು ಬಟನ್. ಅದನ್ನು ಒತ್ತಿದರೆ ನೀವು ಒಪ್ಪಿದಂತೆ. ಪಕ್ಕದಲ್ಲಿ ‘ಈಗ ಬೇಡ’ ಎಂದು ನಾಲ್ಕು ದಿನ ಮುಂದೂಡುವುದಕ್ಕೆ ಸಣ್ಣದೊಂದು ಅವಕಾಶ. ‘ಒಪ್ಪುವುದಿಲ್ಲ’ ಎನ್ನುವುದಕ್ಕೆ ಆ ಪರದೆಯ ಮೇಲೆ ಜಾಗವೇ ಇರಲಿಲ್ಲ.

ನಮ್ಮಲ್ಲಿ ಎಷ್ಟು ಮಂದಿ ಅದನ್ನು ಓದಿ ಒತ್ತಿದೆವು? ಅಂಗಡಿಯಲ್ಲಿ ಗಿರಾಕಿ ನಿಂತಿದ್ದಾಗ, ಮಗುವನ್ನು ಶಾಲೆಗೆ ಹೊರಡಿಸುತ್ತಿದ್ದಾಗ, ದಮ್ಮಾಮಿನಲ್ಲಿರುವ ಮಗನ ಕರೆ ಬರುವ ಹೊತ್ತಿಗೆ ಆ ಸೂಚನೆ ಅಡ್ಡ ಬಂದು ನಿಂತಿತು. ಅದನ್ನು ಸರಿಸುವುದಕ್ಕಾಗಿ ಒತ್ತಿದೆವು. ಹಾಗೆ ಒತ್ತಿದ ಆ ಬೆರಳನ್ನೇ ಕಂಪೆನಿಯು ನಮ್ಮ ಸಮ್ಮತಿಯೆಂದು ಬರೆದುಕೊಂಡಿತು.

ಭಾರತದಲ್ಲಿ ಗದ್ದಲವೆದ್ದಾಗ ಕಂಪೆನಿಯು ಗಡುವನ್ನು ಮೇ 15ಕ್ಕೆ ಮುಂದೂಡಿತು. ದಿನಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ನೀಡಿ, ನಿಮ್ಮ ಖಾಸಗಿ ಸಂದೇಶಗಳನ್ನು ನಾವು ಓದುವುದಿಲ್ಲವೆಂದು ಸಮಾಧಾನ ಹೇಳಿತು. ಸಂದೇಶಗಳು ಗೂಢಲಿಪಿಯಲ್ಲಿ ಸಾಗುತ್ತವೆಂಬುದು 2016ರಿಂದಲೂ ತಿಳಿದಿದ್ದ ವಿಚಾರ. ಪ್ರಶ್ನೆ ಇದ್ದುದು ಬೇರೆ. ನಮ್ಮ ಫೋನ್ ಸಂಖ್ಯೆ, ನಾವು ಬಳಸುವ ಉಪಕರಣದ ವಿವರ, ವ್ಯಾಪಾರಿ ಸಂಸ್ಥೆಗಳೊಂದಿಗೆ ನಾವು ನಡೆಸುವ ವ್ಯವಹಾರದ ಕುರುಹು ಇವೆಲ್ಲ ಮಾತೃಸಂಸ್ಥೆಯಾದ ಫೇಸ್‌ಬುಕ್‌ನ ಕೈಗೆ ಯಾಕೆ ಹೋಗಬೇಕು ಎಂಬುದು. ಆ ಪ್ರಶ್ನೆಗೆ ಜಾಹೀರಾತಿನಲ್ಲಿ ಉತ್ತರ ಸಿಗಲಿಲ್ಲ. ವಿಪರ್ಯಾಸವೆಂದರೆ, ಅದೇ ದಿನಗಳಲ್ಲಿ ಅದೇ ಕಂಪೆನಿಯು ಯುರೋಪಿನ ಜನರಿಗೆ, ಈ ಬದಲಾವಣೆಯಿಂದ ನಿಮ್ಮಲ್ಲಿ ಮಾಹಿತಿ ಹಂಚಿಕೆಯ ಕ್ರಮದಲ್ಲಿ ಯಾವ ವ್ಯತ್ಯಾಸವೂ ಆಗದು ಎಂದು ಭರವಸೆ ಕೊಟ್ಟಿತು. ಯಾಕೆಂದರೆ ಅಲ್ಲಿ 2018ರ ಮೇ ತಿಂಗಳಿನಿಂದ ಕಠಿಣವಾದ ಕಾನೂನೊಂದು ಜಾರಿಯಲ್ಲಿದೆ. ಒಂದೇ ಕಂಪೆನಿ, ಒಂದೇ ಆ್ಯಪ್, ಎರಡು ಬಗೆಯ ಮನುಷ್ಯರು.

ಒಪ್ಪಿಗೆಯೆಂಬ ಪದಕ್ಕೆ ನಮ್ಮ ಮನೆಗಳಲ್ಲಿ ಒಂದು ಅರ್ಥವಿದೆ. ನಿಕಾಹ್‌ನ ಸಂದರ್ಭದಲ್ಲಿ ಹೆಣ್ಣಿನ ಸಮ್ಮತಿ ಕೇಳುತ್ತೇವೆ. ಬೇಡವೆನ್ನುವ ಅಧಿಕಾರ ಆಕೆಗೆ ಇದೆಯೆಂಬುದರಿಂದಲೇ ಆ ಕೇಳಿಕೆಗೆ ಬೆಲೆ. ಇನ್ನೊಬ್ಬರ ಮನೆಯ ಬಾಗಿಲಲ್ಲಿ ನಿಂತು ಸಲಾಮ್ ಹೇಳುತ್ತೇವೆ, ಉತ್ತರ ಬಾರದಿದ್ದರೆ ಮರಳಿ ಹೋಗುತ್ತೇವೆ, ಕಿಟಕಿಯಲ್ಲಿ ಇಣುಕುವುದಿಲ್ಲ. ಮದ್ರಸದಲ್ಲಿ ನಾವು ಓದಿದ ಫಿಕ್ಹ್ ಗ್ರಂಥಗಳಲ್ಲಿ ವ್ಯಾಪಾರದ ಅಧ್ಯಾಯವೊಂದಿದೆ. ಬೆಲೆಯೆಷ್ಟೆಂಬುದು ಕೊಳ್ಳುವವನಿಗೆ ಗೊತ್ತಿಲ್ಲದ ವ್ಯಾಪಾರ ಸಿಂಧುವಲ್ಲವೆಂಬುದು ಅದರ ಮೊದಲ ಪಾಠಗಳಲ್ಲೊಂದು. ಇಲ್ಲಿ ವಸ್ತು ‘ಉಚಿತ’, ಬೆಲೆ ಏನೆಂಬುದನ್ನು ಯಾರೂ ಹೇಳುವುದಿಲ್ಲ, ತೆತ್ತ ಮೇಲೂ ಎಷ್ಟು ತೆತ್ತೆವೆಂದು ತಿಳಿಯುವುದಿಲ್ಲ.

ಷರತ್ತುಗಳನ್ನು ಓದಿಕೊಳ್ಳಬಹುದಿತ್ತಲ್ಲ ಎನ್ನುವವರಿದ್ದಾರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು 2008ರಲ್ಲೇ ಈ ಲೆಕ್ಕ ಹಾಕಿ ನೋಡಿದ್ದರು. ಸಾಮಾನ್ಯನೊಬ್ಬ ತಾನು ಭೇಟಿಕೊಡುವ ಜಾಲತಾಣಗಳ ಖಾಸಗಿತನದ ನೀತಿಗಳನ್ನೆಲ್ಲ ಓದಲು ಹೊರಟರೆ ವರ್ಷಕ್ಕೆ 200 ಗಂಟೆಗೂ ಹೆಚ್ಚು ಸಮಯ ಬೇಕು. ಅದು ಕೂಡ ಸ್ಮಾರ್ಟ್‌ಫೋನುಗಳು ಇನ್ನೂ ಕಣ್ಣು ತೆರೆಯುತ್ತಿದ್ದ ಕಾಲದ ಮಾತು. ವಕೀಲರು ವಕೀಲರಿಗಾಗಿ ಬರೆದ ಆ ಬರಹವನ್ನು ಓದಲಿಲ್ಲವೆಂದು ಹೊಟೇಲ್ ಕಾರ್ಮಿಕನನ್ನೂ ಬೀಡಿ ಕಟ್ಟುವ ತಾಯಿಯನ್ನೂ ದೂರುವುದು ಯಾವ ನ್ಯಾಯ?

ನಮ್ಮ ವಾದವಿಷ್ಟೆ. ಈ ಜಾಲತಾಣಗಳಲ್ಲಿ ಖಾಸಗಿತನವು ಸೋರಿಹೋಗುತ್ತಿರುವುದು ಬಳಕೆದಾರನ ಅಜಾಗ್ರತೆಯಿಂದಲ್ಲ, ಅವುಗಳನ್ನು ಕಟ್ಟಿರುವ ರೀತಿಯಿಂದ. ಯಾವ ಬಟನ್ ದೊಡ್ಡದಿರಬೇಕು, ಯಾವುದು ಮಸುಕಾಗಿರಬೇಕು, ಯಾವ ಬಾಗಿಲು ಮೊದಲಿನಿಂದಲೇ ತೆರೆದಿರಬೇಕು, ಯಾವುದರ ಬೀಗ ಐದನೆಯ ಕೋಣೆಯ ಮೂಲೆಯಲ್ಲಿರಬೇಕು ಎಂಬುದನ್ನೆಲ್ಲ ಅಲ್ಲಿ ಲಕ್ಷಗಟ್ಟಲೆ ಸಂಬಳ ಪಡೆಯುವ ಜನರು ಕುಳಿತು ತೀರ್ಮಾನಿಸುತ್ತಾರೆ. ಇದು ಕೈತಪ್ಪಿ ಆದ ಕೆಲಸವಲ್ಲ. ಬ್ರಿಟನಿನ ವಿನ್ಯಾಸಕಾರ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಇಂತಹ ತಂತ್ರಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿ ಇಂತಹ 13 ತಂತ್ರಗಳನ್ನು ಹೆಸರಿಸಿದೆ. ಸುಳ್ಳು ಅವಸರ ಹುಟ್ಟಿಸುವುದು, ಬೇಡವೆನ್ನುವವನಿಗೆ ನಾಚಿಕೆಯಾಗುವಂತೆ ಮಾಡುವುದು, ಹೊರಹೋಗುವ ದಾರಿಯನ್ನು ಜಟಿಲಗೊಳಿಸುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿ ಪೀಡಿಸುವುದು ಆ ಪಟ್ಟಿಯಲ್ಲಿವೆ. ಓದುವಾಗ ಪ್ರತಿಯೊಂದೂ ಪರಿಚಿತವೆನಿಸುತ್ತದೆ.

ನಾವೇ ಅನುಭವಿಸಿದ್ದನ್ನು ಹೇಳುವುದಾದರೆ, ಹೆಸರು ಬೇಡ, ಜಾಲತಾಣವೊಂದರಲ್ಲಿದ್ದ ನಮ್ಮ ಹಳೆಯ ಖಾತೆಯನ್ನು ಮುಚ್ಚಲು ಒಂದು ರಾತ್ರಿ ಇಶಾ ನಮಾಝಿನ ಬಳಿಕ ಕುಳಿತೆವು. ಖಾತೆ ತೆರೆಯುವಾಗ ಎರಡು ನಿಮಿಷವೂ ಹಿಡಿದಿರಲಿಲ್ಲ. ಮುಚ್ಚುವ ಅವಕಾಶ ಯಾವ ಪುಟದಲ್ಲಿದೆಯೆಂದು ಹುಡುಕುವುದಕ್ಕೇ ಅರ್ಧ ಗಂಟೆ ಬೇಕಾಯಿತು. ಸಿಕ್ಕಿದ ಮೇಲೆ, ಮುಚ್ಚುವ ಬದಲು ಕೆಲಕಾಲ ನಿಷ್ಕ್ರಿಯಗೊಳಿಸಬಾರದೇ ಎಂಬ ಸಲಹೆ. ಬಳಿಕ, ನೀವು ಹೋದರೆ ನಿಮ್ಮ ಕೊರತೆ ಇವರಿಗೆಲ್ಲ ಕಾಡುತ್ತದೆಯೆಂದು ಮಿತ್ರರ ಮುಖಗಳ ಸಾಲು. ಅದರಲ್ಲಿ ತೀರಿಹೋದವರೊಬ್ಬರ ಮುಖವೂ ಇತ್ತು. ಯಾಕೆ ಹೋಗುತ್ತೀರೆಂಬ ಪ್ರಶ್ನೆಗೆ ಖಾಸಗಿತನದ ಚಿಂತೆಯೆಂದು ಗುರುತು ಹಾಕಿದರೆ, ಖಾಸಗಿತನವನ್ನು ಕಾಪಾಡಿಕೊಳ್ಳುವುದು ಹೇಗೆಂಬ ಉಪದೇಶದ ಇನ್ನೊಂದು ಪುಟ ತೆರೆದುಕೊಂಡಿತು. ಕೊನೆಗೆ ಎಲ್ಲ ದಾಟಿದಾಗ 30 ದಿನಗಳ ಕಾಲಾವಕಾಶ. ಅಷ್ಟರೊಳಗೆ ಒಮ್ಮೆ ಮರೆತು ಪ್ರವೇಶಿಸಿದರೂ ಖಾತೆ ಮತ್ತೆ ಜೀವಂತ. ಸುಲಭವಾಗಿ ತೆರೆದುಕೊಂಡು ಮುಚ್ಚಲು ಮಾತ್ರ ಒಪ್ಪದ ಬಾಗಿಲಿಗೆ ನಮ್ಮೂರಿನಲ್ಲಿ ಬಾಗಿಲೆನ್ನುವುದಿಲ್ಲ, ಇಲಿಬೋನೆನ್ನುತ್ತಾರೆ.

ಪರದೆಯನ್ನು ಸರಿಸಿದಷ್ಟೂ ಮುಗಿಯದಂತೆ ಮಾಡುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದವರು ಆಝಾ ರಾಸ್ಕಿನ್. ಮುಂದೆ ಅವರೇ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಪುಸ್ತಕಕ್ಕೆ ಕೊನೆಯ ಪುಟವಿದೆ, ಈ ಪತ್ರಿಕೆಗೂ ಇದೆ, ಅಲ್ಲಿ ಓದುಗ ತಲೆಯೆತ್ತಿ ಗಡಿಯಾರ ನೋಡುತ್ತಾನೆ. ಆ ತಲೆಯೆತ್ತುವ ಕ್ಷಣವನ್ನೇ ಇವರು ಕಿತ್ತುಹಾಕಿದರು. ಮಕ್ಕಳು ಹಾಳಾಗುತ್ತಿದ್ದಾರೆಂದು ನಾವು ಮಸೀದಿಯಂಗಳದಲ್ಲಿ ಮರುಗುತ್ತೇವೆ. ಆದರೆ ಇದು ಬರೀ ಸಮಯ ಪೋಲಾಗುವ ಪ್ರಶ್ನೆಯಲ್ಲ. ಎಷ್ಟು ಹೆಚ್ಚು ಹೊತ್ತು ಕುಳಿತೆವೋ ಅಷ್ಟು ಹೆಚ್ಚು ನಮ್ಮ ಬಗ್ಗೆ ಅವರಿಗೆ ತಿಳಿಯಿತು. ಯಾವ ಚಿತ್ರದ ಮುಂದೆ ನಿಂತೆವು, ಯಾವುದನ್ನು ಕಂಡು ಸಿಟ್ಟಾದೆವು, ಯಾವ ಕಾಯಿಲೆಯ ಹೆಸರನ್ನು ಹುಡುಕಿದೆವು ಎಂಬುದೇ ಅಲ್ಲಿ ಮಾರಾಟದ ಸರಕು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್ ಮೂರರ ಒಡೆತನವಿರುವ ಮೆಟಾ ಕಂಪೆನಿಯ 2024ರ ಆದಾಯ 164 ಶತಕೋಟಿ ಡಾಲರಿಗೂ ಹೆಚ್ಚು. ಅದರಲ್ಲಿ ಬಹುತೇಕ ಎಲ್ಲವೂ ಜಾಹೀರಾತಿನದ್ದು.

ಈ ಕಂಪೆನಿಯ ಮಾತಿನ ಚರಿತ್ರೆಯನ್ನೊಮ್ಮೆ ನೋಡಬೇಕು. 2009ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್ ತನ್ನ ಸೆಟ್ಟಿಂಗ್ಸ್ ಬದಲಿಸಿದಾಗ, ಜನರು ಮುಚ್ಚಿಟ್ಟಿದ್ದ ಮಿತ್ರರ ಪಟ್ಟಿಯಂತಹ ವಿವರಗಳು ಬಹಿರಂಗವಾದವು. 2011ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ವಂಚನೆಯೆಂದೇ ಆರೋಪಿಸಿ ಕಂಪೆನಿಯಿಂದ ಒಪ್ಪಂದ ಬರೆಸಿಕೊಂಡಿತು. 2012ರ ಜನವರಿಯಲ್ಲಿ ಒಂದು ವಾರ ಕಾಲ 6,89,003 ಬಳಕೆದಾರರ ಮುಂದೆ ಬರುವ ಬರಹಗಳನ್ನು ಏರುಪೇರು ಮಾಡಿ ಅವರ ಮನಸ್ಸು ಹೇಗೆ ಬದಲಾಗುತ್ತದೆಂದು ಪರೀಕ್ಷಿಸಲಾಯಿತು. ಆ ಜನರಿಗೆ ಅದು ಗೊತ್ತೇ ಇರಲಿಲ್ಲ. 2014ರಲ್ಲಿ ಸಂಶೋಧನಾ ಪ್ರಬಂಧವಾಗಿ ಪ್ರಕಟವಾದಾಗಲೇ ಜಗತ್ತಿಗೆ ತಿಳಿದುದು. ಖಾತೆಯ ಭದ್ರತೆಗೆಂದು ಕೇಳಿ ಪಡೆದ ಫೋನ್ ಸಂಖ್ಯೆಗಳನ್ನು ಜಾಹೀರಾತಿಗೆ ಬಳಸಿದ್ದೂ 2018ರಲ್ಲಿ ಬಯಲಾಯಿತು. ಬೀಗ ಮಾಡಿಸುವುದಕ್ಕೆಂದು ಕೊಟ್ಟ ಕೀಲಿಯ ಅಚ್ಚನ್ನು ಪೇಟೆಯಲ್ಲಿ ಮಾರಿದಂತೆ.

ವಾಟ್ಸ್ಆ್ಯಪ್‌ನ ಕಥೆಯೂ ಅದೇ. 2014ರ ಫೆಬ್ರವರಿಯಲ್ಲಿ ಸುಮಾರು 19 ಶತಕೋಟಿ ಡಾಲರಿಗೆ ಅದನ್ನು ಕೊಳ್ಳುವುದಾಗಿ ಫೇಸ್‌ಬುಕ್ ಘೋಷಿಸಿದಾಗ, ಏನೂ ಬದಲಾಗುವುದಿಲ್ಲವೆಂದು ಬಳಕೆದಾರರಿಗೆ ಹೇಳಲಾಗಿತ್ತು. ಎರಡೂವರೆ ವರ್ಷಗಳಲ್ಲಿ, ಅಂದರೆ 2016ರ ಆಗಸ್ಟ್‌ನಲ್ಲಿ, ನೀತಿ ಬದಲಾಯಿತು. ಆಗ ಕನಿಷ್ಠಪಕ್ಷ ಬೇಡವೆನ್ನಲು 30 ದಿನಗಳ ಅವಕಾಶವಿತ್ತು. 2021ರ ಹೊತ್ತಿಗೆ ಅದೂ ಹೋಯಿತು. ಎರಡು ಸೇವೆಗಳ ಖಾತೆಗಳನ್ನು ತಾಳೆ ಹಾಕುವ ಸಾಧ್ಯತೆಯ ಬಗ್ಗೆ ತಪ್ಪು ಮಾಹಿತಿ ಕೊಟ್ಟುದಕ್ಕಾಗಿ ಯುರೋಪಿಯನ್ ಕಮಿಷನ್ 2017ರಲ್ಲಿ 11 ಕೋಟಿ ಯೂರೋ ದಂಡ ಹಾಕಿತ್ತು. ವಾಟ್ಸ್ಆ್ಯಪ್‌ನ ಸ್ಥಾಪಕರಲ್ಲೊಬ್ಬರಾದ ಬ್ರಯಾನ್ ಆ್ಯಕ್ಟನ್ ಅವರೇ 2018ರಲ್ಲಿ, ಫೇಸ್‌ಬುಕ್ ಅನ್ನು ಅಳಿಸಿಹಾಕಿರೆಂದು ಜನರಿಗೆ ಬಹಿರಂಗವಾಗಿ ಕರೆ ನೀಡಿದರು. ಮನೆ ಕಟ್ಟಿದವರೇ ಹೊರಬಂದು ಕೂಗಿ ಹೇಳಿದರೂ ನಾವು ಒಳಗೇ ಕುಳಿತಿದ್ದೇವೆ. ಕೂರದೆ ಬೇರೆ ದಾರಿಯಿಲ್ಲ ಎಂಬುದೂ ನಿಜ. ಶಾಲೆಯ ಸೂಚನೆ, ಜಮಾಅತಿನ ತಿಳುವಳಿಕೆ, ವೈದ್ಯರ ವರದಿ, ಗಲ್ಫಿನ ಕರೆ ಎಲ್ಲವೂ ಅದೊಂದರಲ್ಲೇ ಬರುತ್ತವೆ. ಹೀಗೆ ಕಟ್ಟಿಹಾಕಿದ ಬಳಿಕ ‘ಒಪ್ಪದಿದ್ದರೆ ಹೋಗಬಹುದು’ ಎನ್ನುವುದು ಬಾವಿಯೊಂದೇ ಇರುವ ಊರಿನಲ್ಲಿ ಬಾವಿಯ ಒಡೆಯ ಆಡುವ ಮಾತು.

ಇಷ್ಟಾದರೂ ನಮಗೆ ಅತ್ಯಂತ ಗಂಭೀರವೆಂದು ತೋರುವುದು ಇನ್ನೊಂದು ಸಂಗತಿ. ಈ ವಿನ್ಯಾಸದಲ್ಲಿ ಒಬ್ಬನ ಒಪ್ಪಿಗೆಯಿಂದ ಇನ್ನೊಬ್ಬನ ಬಾಗಿಲು ತೆರೆಯುತ್ತದೆ. 2018ರ ಮಾರ್ಚ್‌ನಲ್ಲಿ ಕೇಂಬ್ರಿಜ್ ಅನಾಲಿಟಿಕಾ ಹಗರಣ ಬಯಲಾದಾಗ, ಜಗತ್ತಿನಾದ್ಯಂತ 8 ಕೋಟಿ 70 ಲಕ್ಷ ಜನರ ಮಾಹಿತಿ ರಾಜಕೀಯ ಪ್ರಚಾರದ ಸಂಸ್ಥೆಯೊಂದರ ಕೈಸೇರಿರಬಹುದೆಂದು ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಭಾರತದ ಲೆಕ್ಕವನ್ನು ಗಮನಿಸಿ: ಮಾಹಿತಿ ಕದಿಯಲು ಬಳಕೆಯಾದ ಆ ಆ್ಯಪ್ ಅನ್ನು ಇಲ್ಲಿ ಹಾಕಿಕೊಂಡವರು ಕೇವಲ 335 ಮಂದಿ, ಬಾಧಿತರಾಗಿರಬಹುದಾದವರು 5,62,455 ಮಂದಿ. ಉಳಿದ ಐದೂವರೆ ಲಕ್ಷಕ್ಕೂ ಹೆಚ್ಚು ಜನ ಏನನ್ನೂ ಒತ್ತಿರಲಿಲ್ಲ. ಅವರ ಮಿತ್ರನೊಬ್ಬ ಒತ್ತಿದ್ದ, ಅಷ್ಟೆ.

ಆ ಬಾಗಿಲನ್ನು ಮುಚ್ಚಿದ್ದೇವೆಂದು ಕಂಪೆನಿ ಹೇಳುತ್ತದೆ. ಆದರೆ ಅದೇ ಬಗೆಯ ಇನ್ನೊಂದು ಕಿಂಡಿ ನಮ್ಮ ಪ್ರತಿ ಮನೆಯಲ್ಲೂ ಇದೆ. ಯಾವುದೋ ಆ್ಯಪ್ ಹಾಕಿಕೊಳ್ಳುವಾಗ ಅದು ಫೋನಿನಲ್ಲಿರುವ ಸಂಪರ್ಕ ಸಂಖ್ಯೆಗಳನ್ನು ಕೇಳುತ್ತದೆ, ನಾವು ಸರಿಯೆನ್ನುತ್ತೇವೆ. ನಾವು ಕೊಟ್ಟುದು ನಮ್ಮದನ್ನಲ್ಲ. ಅಕ್ಕನ ಸಂಖ್ಯೆ, ಸೊಸೆಯ ಸಂಖ್ಯೆ, ಇಂಟರ್ನೆಟ್ಟನ್ನೇ ಬಳಸದ ಅಜ್ಜಿಯ ಸಂಖ್ಯೆ. ವಾಟ್ಸ್ಆ್ಯಪ್ ಗ್ರೂಪುಗಳ ವಿಚಾರವೂ ಹಾಗೆಯೇ. 2019ರ ಏಪ್ರಿಲ್‌ವರೆಗೂ ನಮ್ಮ ಸಂಖ್ಯೆ ಕೈಯಲ್ಲಿರುವ ಯಾರು ಬೇಕಾದರೂ ಕೇಳದೆಯೇ ನಮ್ಮನ್ನು ಯಾವ ಗ್ರೂಪಿಗಾದರೂ ಎಳೆದು ಹಾಕಬಹುದಿತ್ತು. ಸೇರಿದ ಕ್ಷಣದಲ್ಲೇ ನಮ್ಮ ಸಂಖ್ಯೆ ಅಲ್ಲಿರುವ ಇನ್ನೂರು ಮಂದಿ ಅಪರಿಚಿತರಿಗೆ ಗೋಚರ. ಶಾಲೆಯ ಪೋಷಕರ ಗ್ರೂಪಿಗೆ ಸೇರಿಸಲ್ಪಟ್ಟ ತಾಯಂದಿರಿಗೆ ಮಧ್ಯರಾತ್ರಿ ಗುರುತಿಲ್ಲದವರಿಂದ ಸಂದೇಶ ಬರತೊಡಗಿದ್ದನ್ನು ನಾವು ಹಲವು ಮನೆಗಳಲ್ಲಿ ಕೇಳಿದ್ದೇವೆ. ಅದನ್ನು ತಡೆಯುವ ಸೆಟ್ಟಿಂಗ್ 2019ರಲ್ಲಿ ಬಂತು, ನಿಜ. ಆದರೆ ಅದು ಮೊದಲಿನಿಂದಲೇ ‘ಎಲ್ಲರೂ ಸೇರಿಸಬಹುದು’ ಎಂದೇ ಇರುತ್ತದೆ; ಬದಲಿಸಬೇಕಾದವಳು ಆಕೆ, ಬದಲಿಸಬಹುದೆಂದು ಆಕೆಗೆ ಹೇಳಿದವರು ಯಾರೂ ಇಲ್ಲ. 2014ರ ನವೆಂಬರ್‌ನಲ್ಲಿ, ಸಂದೇಶ ಓದಿದ್ದೇವೆಂದು ಎದುರಿನವರಿಗೆ ಚಾಡಿ ಹೇಳುವ ನೀಲಿ ಗುರುತು ಬಂದಾಗಲೂ ಅದನ್ನು ತೆಗೆಯುವ ಅವಕಾಶವಿರಲಿಲ್ಲ. ಜನ ಕೂಗೆಬ್ಬಿಸಿದ ಮೇಲಷ್ಟೇ ಬಂತು. ಮೊದಲು ತೆರೆದಿಡು, ಕೂಗಿದರೆ ಮೂಲೆಯಲ್ಲೊಂದು ಬೀಗ ಇಡು: ಇವರ ಕಾರ್ಯವಿಧಾನವಿದು.

ಇದರ ಅತ್ಯಂತ ಕ್ರೂರ ಬೆಲೆ ತೆತ್ತವರು ನಮ್ಮ ಹೆಣ್ಣುಮಕ್ಕಳು. 2021ರ ಜುಲೈಯಲ್ಲಿ ಒಮ್ಮೆ, 2022ರ ಹೊಸವರ್ಷದ ದಿನ ಇನ್ನೊಮ್ಮೆ, ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ಅವರ ಜಾಲತಾಣದ ಖಾತೆಗಳಿಂದ ಕದ್ದು ‘ಹರಾಜಿಗಿದ್ದಾರೆ’ ಎಂದು ಪ್ರದರ್ಶಿಸುವ ಆ್ಯಪ್‌ಗಳನ್ನು ಗಿಟ್‌ಹಬ್ ಎಂಬ ವೇದಿಕೆಯಲ್ಲಿ ಹರಿಯಬಿಡಲಾಯಿತು. ಪತ್ರಕರ್ತೆಯರು, ವಕೀಲೆಯರು, ಹೋರಾಟಗಾರ್ತಿಯರು, ವಿದ್ಯಾರ್ಥಿನಿಯರು ಆ ಪಟ್ಟಿಯಲ್ಲಿದ್ದರು. ಮೊದಲ ಪ್ರಕರಣದಲ್ಲಿ ಆರು ತಿಂಗಳಾದರೂ ಯಾರ ಬಂಧನವೂ ಆಗಲಿಲ್ಲ. ಎರಡನೆಯದರಲ್ಲಿ ಮುಂಬೈ ಪೊಲೀಸರು ಬಂಧಿಸಿದವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ 21ರ ಹರೆಯದ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ದುಷ್ಟತನ ಆ ಯುವಕರದ್ದು, ಅದರ ಹಿಂದಿನ ದ್ವೇಷ ರಾಜಕೀಯದ್ದು. ಆದರೆ ಆ ಫೋಟೋಗಳನ್ನು ನಿಮಿಷಗಳಲ್ಲಿ ಗುಡ್ಡೆಹಾಕಲು ಸಾಧ್ಯವಾಗುವಂತೆ ಇಟ್ಟವರ ಪಾಲೇನು?

ಅವರಿಗೆ ತಿಳಿದಿರಲಿಲ್ಲವೆನ್ನುವಂತಿಲ್ಲ. ಭಾರತದ ಮಹಿಳೆಯರು ತಮ್ಮ ಮುಖದ ಚಿತ್ರ ಹಾಕಲು ಹೆದರುತ್ತಾರೆಂದು ಕಂಡುಕೊಂಡೇ ಫೇಸ್‌ಬುಕ್ 2017ರ ಜೂನ್‌ನಲ್ಲಿ ಇಲ್ಲಿ ಪ್ರೊಫೈಲ್ ಚಿತ್ರಕ್ಕೆ ನೀಲಿ ಗುರಾಣಿಯ ರಕ್ಷಣೆಯನ್ನು ತಂದಿತ್ತು. 2020ರ ಮೇ ತಿಂಗಳಲ್ಲಿ ಇಡೀ ಪ್ರೊಫೈಲಿಗೆ ಬೀಗ ಹಾಕುವ ಸೌಲಭ್ಯ ನೀಡಿತ್ತು. ಅಂದರೆ ಕಳ್ಳ ಬರುವ ದಾರಿ ಗೊತ್ತಿತ್ತು, ಬೀಗವೂ ಕೈಯಲ್ಲಿತ್ತು. ಆದರೂ ಬಾಗಿಲನ್ನು ಮುಚ್ಚಿಯೇ ಕೊಟ್ಟು, ಬೇಕಾದವರು ತೆರೆದುಕೊಳ್ಳಲಿ ಎನ್ನಲಿಲ್ಲ. ತೆರೆದೇ ಕೊಟ್ಟು, ಹೆದರುವವರು ಮುಚ್ಚಿಕೊಳ್ಳಲಿ ಎಂದರು. ತೆರೆದ ಬಾಗಿಲಿನಿಂದ ಅವರಿಗೆ ಲಾಭವಿದೆ, ಮುಚ್ಚಿದ್ದರಿಂದ ಇಲ್ಲ.

ಇನ್ನು ನಮ್ಮ ಸಮುದಾಯದ ಕಡೆಗೆ ತಿರುಗೋಣ. ಆ ಘಟನೆಗಳು ನಡೆದಾಗ ನಮ್ಮ ಎಷ್ಟೋ ಹಿರಿಯರ ಬಾಯಿಂದ ಬಂದ ಮೊದಲ ಪ್ರಶ್ನೆ, ‘ಆ ಹೆಣ್ಣುಮಕ್ಕಳು ಫೋಟೋ ಯಾಕೆ ಹಾಕಬೇಕಿತ್ತು?’ ಎಂಬುದಾಗಿತ್ತು. ಅಂಗಡಿಗೆ ಕನ್ನ ಬಿದ್ದಾಗ ಮಾಲೀಕನಲ್ಲಿ, ನೀನು ಸರಕು ಯಾಕೆ ಇಟ್ಟೆ ಎಂದು ಯಾರಾದರೂ ಕೇಳುತ್ತಾರೆಯೇ? ಕೆಲವು ಮನೆಗಳಲ್ಲಿ ಹುಡುಗಿಯರ ಫೋನ್ ಕಿತ್ತುಕೊಳ್ಳಲಾಯಿತು. ಅದೇ ಮನೆಯ ಹುಡುಗರ ಫೋನಿನಲ್ಲಿ ಏನಿದೆಯೆಂದು ಯಾರೂ ನೋಡಲಿಲ್ಲ. ವಿದ್ಯಾರ್ಥಿವೇತನದ ಅರ್ಜಿಯಿಂದ ಹಿಡಿದು ಪರೀಕ್ಷೆಯ ಫಲಿತಾಂಶದವರೆಗೆ ಎಲ್ಲವೂ ಫೋನಿಗೇ ಬರುವ ಈ ಕಾಲದಲ್ಲಿ ಮಗಳ ಕೈಯಿಂದ ಅದನ್ನು ಕಸಿಯುವುದು ಆಕೆಯ ರಕ್ಷಣೆಯಲ್ಲ, ಆಕೆಗೆ ಎರಡನೆಯ ಶಿಕ್ಷೆ. ಸೆಟ್ಟಿಂಗ್ಸ್ ಎಲ್ಲಿದೆಯೆಂದು ಆಕೆಯ ಪಕ್ಕದಲ್ಲಿ ಕುಳಿತು ಹುಡುಕುವುದಕ್ಕೆ ತಂದೆಗೆ ಅರ್ಧ ಗಂಟೆ ಸಾಕಿತ್ತು.

ಅಮೆರಿಕದ ಕಂಪೆನಿಯನ್ನು ಬೈಯುವ ನಾವು ಮಾಡುತ್ತಿರುವುದೇನು? ರಮಝಾನ್ ಬಂತೆಂದರೆ ಕಿಟ್ ವಿತರಣೆಯ ಫೋಟೋಗಳಿಂದ ಫೇಸ್‌ಬುಕ್ ತುಂಬುತ್ತದೆ. ಹತ್ತು ಕಿಲೋ ಅಕ್ಕಿಯ ಚೀಲವನ್ನು ನಾಲ್ವರು ಪದಾಧಿಕಾರಿಗಳು ಹಿಡಿದಿರುತ್ತಾರೆ, ಐದನೆಯ ತುದಿಯಲ್ಲಿ ತಲೆ ತಗ್ಗಿಸಿ ನಿಂತ ವಿಧವೆಯೊಬ್ಬಳು. 2020ರ ಲಾಕ್‌ಡೌನ್ ಕಾಲದಲ್ಲಂತೂ ಇದು ಎಲ್ಲೆ ಮೀರಿತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಮಿಂಬರಿನಿಂದ ಕೇಳುವ ನಾವು, ಹೊರಬಂದು ಅದನ್ನು ಮೂರು ಸಾವಿರ ಮಂದಿಗೆ ತಿಳಿಸುತ್ತೇವೆ. ಆ ತಾಯಿಯ ಮಗ ಮರುದಿನ ಶಾಲೆಗೆ ಹೋಗಬೇಕು, ಅವಳ ಮಗಳಿಗೆ ನಾಳೆ ಸಂಬಂಧ ಬರಬೇಕು. ಕಿಟ್ ಪಡೆಯಲು ಬಂದವಳು ಫೋಟೋಗೆ ಒಪ್ಪಿದ್ದಳಲ್ಲ ಎಂದು ಸಮಿತಿಯವರು ಹೇಳಿಯಾರು. ಬೇಡವೆಂದರೆ ಅಕ್ಕಿ ಸಿಗುವುದೋ ಇಲ್ಲವೋ ಎಂಬ ಅಳುಕಿನಲ್ಲಿ ನಿಂತವಳ ಒಪ್ಪಿಗೆಗೂ ಆ ಹಸಿರು ಬಟನ್‌ಗೂ ಏನು ವ್ಯತ್ಯಾಸ?

ಚಿಕಿತ್ಸೆಗೆ ನೆರವು ಯಾಚಿಸುವ ಸಂದೇಶಗಳು ಇದಕ್ಕಿಂತ ಹೆಚ್ಚು ಸಂಕಟದವು. ಕೊಳವೆಗಳ ನಡುವೆ ಮಲಗಿರುವ ಮಗುವಿನ ಫೋಟೋ, ಆಸ್ಪತ್ರೆಯ ಬಿಲ್ಲು, ಕಾಯಿಲೆಯ ಹೆಸರು, ತಂದೆಯ ಫೋನ್ ಸಂಖ್ಯೆ, ತಾಯಿಯ ಬ್ಯಾಂಕ್ ಖಾತೆಯ ವಿವರ ಎಲ್ಲವೂ ಒಂದೇ ಸಂದೇಶದಲ್ಲಿ. ಕಳುಹಿಸುವವರ ಉದ್ದೇಶ ಒಳ್ಳೆಯದು, ಆ ಮೂಲಕ ಉಳಿದ ಜೀವಗಳೂ ಇವೆ. ಅದನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ಫಾರ್ವರ್ಡ್ ಆದ ಸಂದೇಶಕ್ಕೆ ಸಾವಿಲ್ಲ. ಮಗು ಗುಣವಾದ ಮೇಲೂ, ಅಥವಾ ದಫನವಾದ ಮೇಲೂ, ವರ್ಷಗಟ್ಟಲೆ ಅದು ಊರೂರು ಸುತ್ತುತ್ತದೆ. ಮಗುವನ್ನು ಕಳೆದುಕೊಂಡ ಮನೆಗೆ ‘ಈಗ ಹೇಗಿದೆ?’ ಎಂದು ಅಪರಿಚಿತರ ಕರೆಗಳು ಬರುತ್ತಲೇ ಇರುತ್ತವೆ. ಸಮಿತಿಯ ಒಂದು ಸಂಖ್ಯೆ, ಸಮಿತಿಯ ಒಂದು ಖಾತೆ, ಮುಖವಿಲ್ಲದ ನಾಲ್ಕು ಸಾಲು ಸಾಲದೇ? ಸುಳ್ಳು ಯಾಚನೆಗಳಿರುವುದರಿಂದ ಪುರಾವೆ ಬೇಕೆನ್ನುತ್ತಾರೆ. ಪುರಾವೆಯನ್ನು ಜಮಾಅತಿನ ಕಚೇರಿಯಲ್ಲಿ ಇಟ್ಟುಕೊಳ್ಳಲಿ; ದಾನಿಗಳು ಬಂದು ನೋಡಲಿ.

‘ಮುಚ್ಚಿಡುವಂತಹದ್ದು ನಮ್ಮಲ್ಲೇನಿದೆ?’ ಎನ್ನುವ ಸಜ್ಜನರೂ ಇದ್ದಾರೆ. ಅವರ ಮನೆಯ ಸ್ನಾನಗೃಹಕ್ಕೂ ಬಾಗಿಲಿದೆ. ತಪ್ಪು ಮಾಡಿದವನಿಗೆ ಮಾತ್ರ ಮರೆ ಬೇಕೆಂಬುದು ಪೊಲೀಸ್ ಠಾಣೆಯ ತರ್ಕ; ಮನುಷ್ಯನಿಗೆ ಮನುಷ್ಯನೆಂಬ ಕಾರಣಕ್ಕೇ ಮರೆ ಬೇಕು. ಈ ಮಾತನ್ನು ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿ ಹಕ್ಕಾಗಿ ಬರೆಸಲು ಕಾರಣರಾದವರು ನಮ್ಮ ನಾಡಿನವರೆಂಬುದನ್ನು ಇಲ್ಲಿ ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯ ವಿರುದ್ಧ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ನಿಧನರಾದರು. ಎಷ್ಟು ಮಂದಿ ಗಮನಿಸಿದರು?

ಆ ಹಕ್ಕಿಗೆ ಕಾಯ್ದೆಯ ರೂಪ ಸಿಗಲು ಆರು ವರ್ಷ ಹಿಡಿಯಿತು. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಹೊರಬಿದ್ದುದು 2025ರ ನವೆಂಬರ್‌ನಲ್ಲಿ. ಕಂಪೆನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ. ತಪ್ಪಿದರೆ 250 ಕೋಟಿ ರೂಪಾಯಿಯವರೆಗೆ ದಂಡವಿದೆ. ಆದರೆ ಸರಕಾರವು ತನ್ನ ಯಾವುದೇ ಸಂಸ್ಥೆಗೆ ಅಧಿಸೂಚನೆಯ ಮೂಲಕ ವಿನಾಯಿತಿ ಕೊಡುವ ಅಧಿಕಾರವನ್ನು 17ನೆಯ ಸೆಕ್ಷನ್ನಿನಲ್ಲಿ ಇಟ್ಟುಕೊಂಡಿದೆ. ಸಾಲದ್ದಕ್ಕೆ ಇದೇ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಗೂ ಕತ್ತರಿ ಬಿದ್ದಿದೆ. ಪ್ರಜೆಯ ಮನೆ ಸರಕಾರಕ್ಕೆ ತೆರೆದಿರಬೇಕು, ಸರಕಾರದ ಕಡತ ಪ್ರಜೆಗೆ ಮುಚ್ಚಿರಬೇಕು ಎಂಬ ಈ ಏರ್ಪಾಡಿಗೆ ಖಾಸಗಿತನದ ಹೆಸರಿಟ್ಟಿರುವುದು ನಗೆಪಾಟಲಿನ ಸಂಗತಿ.

ಆರಂಭದಲ್ಲಿ ಹೇಳಿದ ಆ ಹಸಿರು ಬಟನ್ನಿನ ವಿಚಾರಣೆ ಏನಾಯಿತೆಂದು ಓದುಗರು ಕೇಳಿಯಾರು. ಒಪ್ಪು ಇಲ್ಲವೇ ಹೊರಡು ಎಂಬ ಆ ಧೋರಣೆ ಮಾರುಕಟ್ಟೆಯ ಪ್ರಾಬಲ್ಯದ ದುರ್ಬಳಕೆಯೆಂದು ಭಾರತೀಯ ಸ್ಪರ್ಧಾ ಆಯೋಗವು 2024ರ ನವೆಂಬರ್‌ನಲ್ಲಿ ತೀರ್ಮಾನಿಸಿ, ಮೆಟಾಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. ಜಾಹೀರಾತಿಗಾಗಿ ಮಾಹಿತಿ ಹಂಚಿಕೊಳ್ಳುವುದನ್ನು ಐದು ವರ್ಷ ನಿಷೇಧಿಸಿತು. ಕಂಪೆನಿ ಮೇಲ್ಮನವಿ ಸಲ್ಲಿಸಿತು. 2025ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿಯಿತು, ಐದು ವರ್ಷಗಳ ನಿಷೇಧವನ್ನು ತೆಗೆದುಹಾಕಿತು. 213 ಕೋಟಿಯೆಂದರೆ ನಮಗೆ ದೊಡ್ಡ ಮೊತ್ತ. ಮೆಟಾದ ಒಂದು ವರ್ಷದ ಆದಾಯವನ್ನು ಗಂಟೆಗಳಿಗೆ ಹಂಚಿದರೆ ಅದು ಎರಡು ಗಂಟೆಯ ಗಳಿಕೆಗೂ ಸಮನಲ್ಲ.

ಹೊಸ ಕಾಯ್ದೆಯಲ್ಲಿ ನಮಗೆ ಉಪಯೋಗಕ್ಕೆ ಬರಬಹುದಾದ ಒಂದು ಅಂಶವಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಮಾತ್ರವಲ್ಲ, ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶವನ್ನು ಕಂಪೆನಿ ಕೊಡಲೇಬೇಕು. ಕನ್ನಡವೂ ಅದರಲ್ಲಿದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳಲು ಆಗಬೇಕೆಂದೂ ಕಾಯ್ದೆ ಹೇಳುತ್ತದೆ. ಇದನ್ನು ಹಟ ಹಿಡಿದು ಕೇಳಬೇಕಾದವರು ನಾವು, ನಮ್ಮ ಯುವ ಸಂಘಟನೆಗಳು, ಕಾನೂನು ಓದುತ್ತಿರುವ ನಮ್ಮ ಹುಡುಗ ಹುಡುಗಿಯರು. ಜಮಾಅತ್‌ಗಳೂ ತಮ್ಮ ಗ್ರೂಪುಗಳಿಗೆ ಜನರನ್ನು ಸೇರಿಸುವ ಮುನ್ನ ಕೇಳುವ ಪದ್ಧತಿಯನ್ನು ಆರಂಭಿಸಲಿ.

ನಮ್ಮ ಮನೆಯ ಮಾತನ್ನೂ ಹೇಳಿಬಿಡುತ್ತೇವೆ. ಪ್ರತಿ ರಮಝಾನ್‌ನಲ್ಲಿ ಕಿಟ್ ವಿತರಣೆಯ ಫೋಟೋಗಳು ಈ ಪತ್ರಿಕೆಯ ಕಚೇರಿಗೂ ರಾಶಿರಾಶಿಯಾಗಿ ಬರುತ್ತವೆ. ಹಲವು ವರ್ಷ ನಾವೂ ಅವುಗಳನ್ನು ಯೋಚಿಸದೆ ಅಚ್ಚು ಹಾಕಿದ್ದೇವೆ. ಇನ್ನು ಮುಂದೆ ನೆರವು ಪಡೆಯುವವರ ಮುಖವಿರುವ ಯಾವ ಚಿತ್ರವನ್ನೂ ಪ್ರಕಟಿಸುವುದಿಲ್ಲ. ಸಮಿತಿಯವರು ಸುದ್ದಿಯನ್ನಷ್ಟೇ ಕಳುಹಿಸಿದರೆ ಸಾಕು.